ಆರು ಬಿಯರಿನ ಸುದ್ದಿ

ನೆವಿಲ್ ಟ್ರಸ್ಕಾಟ್ ಬಗ್ಗೆ ಈಗ ನಮ್ಮ ಊರು ಮುಲ್ಲರಿಂಗ್‌ನಲ್ಲಿ ಯಾರನ್ನು ಕೇಳಿದರೂ ಒಂದೇ ಮಾತು ಹೇಳುತ್ತಾರೆ: ಬಾಯಿಬಡುಕ, ಅವನ ಬಾಯಿಗೆ ಒಂದು ಜೀವ ಹೋಯಿತು. ಹೋದದ್ದು ನನ್ನ ತಮ್ಮನ ಜೀವ. ಹಾಗಾಗಿ ನೆವ್‌ನನ್ನು ಬೈಯುವ ಹಕ್ಕು ಯಾರಿಗಾದರೂ ಇದ್ದರೆ ಅದು ಮೊದಲು ಗ್ಲೆನಿಸ್ ಪಾಸ್ಕೋ ಎಂಬ ನನಗೆ. ಬೇಕಾದಷ್ಟು ಬೈದಿದ್ದೇನೆ. ಆದರೆ ಊರವರು ಬೈಯುವಾಗ ನನಗೆ ಮೈಯೆಲ್ಲ ಉರಿಯುತ್ತದೆ. ಅವರಿಗೆ ಗೊತ್ತಿರುವುದು ಅರ್ಧ ಕತೆ. ಪೂರ್ತಿ ಗೊತ್ತಿರುವುದು ಇಬ್ಬರಿಗೆ, ಅವನಿಗೆ ಮತ್ತು ನನಗೆ.

ನೆವ್ ಇಪ್ಪತ್ತೇಳು ವರ್ಷ ಟೆಲಿಫೋನ್ ಕಂಬ ಹತ್ತಿದವನು. ಗೋಧಿ ಹೊಲಗಳ ನಡುವೆ ನಿಂತಿದ್ದ ಆ ಕಂಬಗಳೆಲ್ಲ ಒಂದೊಂದಾಗಿ ಹೋದ ಮೇಲೆ ಪೇಟೆ ಬೀದಿಯಲ್ಲಿ ಬೇಕರಿಯ ಪಕ್ಕ ಅಂಗಡಿ ಇಟ್ಟ. ಕೆಟಲ್, ಬ್ಯಾಟರಿ, ಟಾರ್ಚು, ಪಂಪಿನ ಮೋಟಾರು, ಒಡೆದ ಫೋನಿನ ಗಾಜು, ಎಲ್ಲಕ್ಕೂ ಅವನೇ. ಹೆಂಡತಿ ಮಾರ್ಗೋ ಬಿಟ್ಟುಹೋಗಿ ಹದಿನೈದು ವರ್ಷವಾಗಿತ್ತು. ಮಧ್ಯಾಹ್ನಕ್ಕೆ ಬೇಕರಿಯ ಮಾಂಸದ ಪೈ, ರಾತ್ರಿಗೆ ಅದರಲ್ಲಿ ಉಳಿದದ್ದು. ಚಳಿಯಿರಲಿ ಬಿಸಿಲಿರಲಿ ಚಡ್ಡಿ, ಮೊಣಕಾಲತನಕ ಕಾಲುಚೀಲ. ಯಾರ ಫೋನು ಕೈಗೆ ಬಂದರೂ ಮೊದಲು ಅಂಗಿಯ ಅಂಚಿಗೆ ಒರೆಸಿ, ಆಮೇಲೆ ನೋಡುವುದು. ಇದರ ಜೊತೆಗೆ ಊರಿನ ಆಂಬುಲೆನ್ಸ್ ಓಡಿಸುವುದೂ ಅವನದೇ. ನಮ್ಮಲ್ಲಿ ಆಂಬುಲೆನ್ಸಿನವರು ಅಂದರೆ ಸಂಬಳದವರಲ್ಲ, ಕೈಯಲ್ಲಿದ್ದ ಕೆಲಸ ಬಿಸಾಕಿ ಓಡಿಬರುವ ನೆರೆಹೊರೆಯವರು.

ಇಷ್ಟೇ ಆಗಿದ್ದರೆ ಅವನ ಬಗ್ಗೆ ಬರೆಯಲು ಏನಿತ್ತು? ಅವನ ನಿಜವಾದ ಹುಚ್ಚು ಇನ್ನೂ ಹುಟ್ಟದ ಫೋನುಗಳದ್ದು. ಮುಂದಿನ ವರ್ಷ ಬರುವ ಫೋನಿಗೆ ಗುಂಡಿಯೇ ಇಲ್ಲವಂತೆ, ಕನ್ನಡಕದಲ್ಲೇ ಕ್ಯಾಮೆರಾ ಅಂತೆ, ಚೀನಾದ ಯಾವುದೋ ಕಾರ್ಖಾನೆಯಿಂದ ಒಂದು ಚಿತ್ರ ಸೋರಿದೆಯಂತೆ. ಇಂಥ ಅಂತೆಕಂತೆಗಳನ್ನೆಲ್ಲ ವಾರವಿಡೀ ಕೂಡಿಹಾಕಿ, ಶನಿವಾರ ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ ನಮ್ಮ ಊರಿನ ರೇಡಿಯೋದಲ್ಲಿ ಹರಡುತ್ತಿದ್ದ. ಬೌಲಿಂಗ್ ಕ್ಲಬ್ಬಿನ ಹಿಂದೆ, ಒಂದು ಕಾಲದಲ್ಲಿ ಕೂಸುಗಳ ತೂಕ ನೋಡುತ್ತಿದ್ದ ಕೋಣೆಯಿದೆ, ಅದೇ ಸ್ಟುಡಿಯೋ. ಗಾಜಿನ ಆಚೆ ಅವನು, ಈಚೆ ನಾನು. ವಾರದ ದಿನಗಳಲ್ಲಿ ಸ್ಕೂಲ್ ಬಸ್ ಓಡಿಸುವವಳು ನಾನು. ಶನಿವಾರ ಮೂರು ಫೋನ್ ಲೈನುಗಳ ಮುಂದೆ ಕೂತು, ದೀಪ ಮಿನುಗಿದ್ದನ್ನು ಎತ್ತಿ, ಹೆಸರು ಕೇಳಿ, ಕಾಯಿಸಿ, ಅವನಿಗೆ ದಾಟಿಸುವುದು ನನ್ನ ಕೆಲಸ. ಎಂಟು ವರ್ಷ ಮಾಡಿದೆ.

ಸುದ್ದಿಗಳಿಗೆ ಅವನೊಂದು ಅಳತೆ ಇಟ್ಟುಕೊಂಡಿದ್ದ. ಎಷ್ಟು ಬಿಯರ್ ಕುಡಿದರೆ ಆ ಸುದ್ದಿ ನಂಬಬಹುದು ಅನ್ನುವುದೇ ಅಳತೆ. ಒಂದು ಬಿಯರ್ ಅಂದರೆ ಸುಮಾರಾಗಿ ನಿಜ. ಆರು ಬಿಯರ್ ಅಂದರೆ ಶುದ್ಧ ಬೊಗಳೆ.

“ನೆವಿಲ್, ಮುಂದಿನ ವರ್ಷದ ಫೋನಿಗೆ ಚಾರ್ಜ್ ಹಾಕೋ ತೂತೇ ಇರಲ್ವಂತೆ, ಹೌದಾ?” ಅಂತ ಪ್ರತಿ ವಾರ ಫೋನ್ ಮಾಡುವ ಮಿಸೆಸ್ ಕಾರ್ಬೆಟ್ ಕೇಳುವರು. ಎಂಬತ್ತೊಂದರ ಮುದುಕಿ, ನಾಲಗೆ ಮಾತ್ರ ಹದಿನೆಂಟರದ್ದು.

“ಯಾರು ಹೇಳಿದ್ರು ನಿಮಗೆ?”

“ನಮ್ಮ ಸೊಸೆ.”

“ನಿಮ್ಮ ಸೊಸೆ ಹೇಳಿದ್ರಾ? ಹಂಗಾದ್ರೆ ನಾಲ್ಕು ಬಿಯರ್ ಬೇಕಾಗುತ್ತೆ ನನಗೆ.”

“ನನಗೆ ಐದು ಕಣಯ್ಯ, ನಾನು ಅವಳ ಜೊತೆ ಬಾಳ್ತಾ ಇರೋಳು.”

ಊರು ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಹೊಲದಲ್ಲಿ ಟ್ರ್ಯಾಕ್ಟರಿನವರು, ಬೇಕರಿಯವರು, ಉಣ್ಣೆ ಕತ್ತರಿಸುವ ಕೊಟ್ಟಿಗೆಯವರು, ಎಲ್ಲರೂ ಕೇಳುತ್ತಿದ್ದರು. ಹೊಸ ಫೋನು ಕೊಳ್ಳುವವರು ಅಂಗಡಿಗೆ ಬಂದು ಬೆಲೆ ಕೇಳುತ್ತಿರಲಿಲ್ಲ, “ಎಷ್ಟು ಬಿಯರ್ ನೆವ್?” ಅನ್ನುತ್ತಿದ್ದರು. ನಗುನಗುತ್ತಲೇ ಅವನ ಮಾತು ಊರಿಗೆ ವೇದವಾಕ್ಯ ಆಗಿಹೋಯಿತು. ಅದು ಆಗಬಾರದಿತ್ತು ಅಂತ ಈಗ ಎಲ್ಲರೂ ಹೇಳುತ್ತಾರೆ. ಆಗ ಒಬ್ಬರಾದರೂ ಹೇಳಿದರಾ? ನಾನೂ ಹೇಳಲಿಲ್ಲ.

ನನ್ನ ತಮ್ಮ ಡೆನ್ಜಿಲ್ ಜೇನು ಸಾಕುವವನು. ಮದುವೆ ಆಗಲಿಲ್ಲ. ಹೂವು ಎಲ್ಲಿ ಬಿಡುತ್ತದೋ ಅಲ್ಲಿಗೆ ಜೇನುಪೆಟ್ಟಿಗೆಗಳನ್ನು ಟ್ರಕ್ಕಿನಲ್ಲಿ ಹೊತ್ತೊಯ್ದು, ಊರಿನಿಂದ ಅರವತ್ತು ಕಿಲೋಮೀಟರ್ ಪೂರ್ವದ ಕಾಡಿನಲ್ಲಿ ಒಬ್ಬನೇ ಕೆಲಸ ಮಾಡುತ್ತಿದ್ದ. ಸಾಯುವುದಕ್ಕೆ ಒಂದು ವರ್ಷ ಮೊದಲು ಎದೆನೋವು ಬಂದು ಪರ್ತ್‌ನ ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಎರಡು ಸ್ಟೆಂಟ್ ಹಾಕಿದ್ದರು. ಹೊರಡುವಾಗ ಡಾಕ್ಟರಮ್ಮ ಅವನ ಮುಖ ನೋಡದೆ ನನ್ನ ಮುಖ ನೋಡಿ ಹೇಳಿದರು: “ಇನ್ನೊಂದು ಸಲ ನೋವು ಬಂದರೆ ಸಮಯ ಇರೋದಿಲ್ಲ. ತಕ್ಷಣ ಆಂಬುಲೆನ್ಸಿಗೆ ಮೂರು ಸೊನ್ನೆ ಒತ್ತಬೇಕು. ಫೋನಿಲ್ಲದೆ ಒಂದು ಹೆಜ್ಜೆ ಹೋಗಬಾರದು.”

“ಕೇಳಿಸ್ತೇನೋ?” ಅಂದೆ.

“ಕೇಳಿಸ್ತು ಕಣೆ. ಫೋನನ್ನೇ ಮದುವೆ ಆಗ್ತೀನಿ ಬಿಡು,” ಅಂದ.

ಆ ಫೋನು ನೆವ್ ಕೊಟ್ಟದ್ದು. ಅದಕ್ಕೆ ಊರು ಇಟ್ಟ ಹೆಸರು ಇಟ್ಟಿಗೆ. ಹೊರದೇಶದ ಯಾವುದೋ ಹೆಸರಿಲ್ಲದ ಕಂಪನಿಯದು, ದಪ್ಪ, ರಬ್ಬರಿನ ಅಂಚು, ಒಂದು ಸಲ ಚಾರ್ಜ್ ಮಾಡಿದರೆ ಆರು ದಿನ. ಅದರ ಬಗ್ಗೆ ಎಲ್ಲೋ ಓದಿ, ಮೆಚ್ಚಿ, ಒಂದು ತರಿಸಿ, ರೇಡಿಯೋದಲ್ಲಿ ಹೊಗಳಿ, ಆಮೇಲೆ ಮೂವತ್ತಾರು ತರಿಸಿದ. “ಕಟಾವು ಯಂತ್ರ ಇದರ ಮೇಲೆ ಹತ್ತಿದ್ರೂ ಕೆಟ್ಟುಹೋಗೋದು ಯಂತ್ರ,” ಅಂತ ಅವನ ಮಾತು. ಮೂವತ್ತಾರೂ ಹದಿನೈದು ದಿನದಲ್ಲಿ ಖಾಲಿ. ಮಿಸೆಸ್ ಕಾರ್ಬೆಟ್ ಕೂಡ ಒಂದು ಕೊಂಡರು. ಸುಳ್ಳು ಹೇಳಬಾರದು, ಫೋನು ಗಟ್ಟಿಯಾಗಿಯೇ ಇತ್ತು.

ಡೆನ್ಜಿಲ್ ಸತ್ತ ವರ್ಷವೇ ಹಳೆಯ ಥ್ರೀಜಿ ಸಿಗ್ನಲನ್ನು ದೇಶದಾದ್ಯಂತ ಮುಚ್ಚಿದ್ದು. ಅಕ್ಟೋಬರಿನಲ್ಲಿ ಮುಚ್ಚುತ್ತಾರೆ, ಹಳೆ ಫೋನುಗಳು ಸಾಯುತ್ತವೆ ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಇಟ್ಟಿಗೆ ಹೊಸದು, ಫೋರ್‌ಜಿಯದು, ಅದಕ್ಕೇನೂ ಆಗದು ಅಂತ ನೆವ್ ಹೇಳಿದ್ದ. ಸೆಪ್ಟೆಂಬರಿನಲ್ಲಿ ಎಲ್ಲರ ಮನೆಗೂ ಫೋನ್ ಕಂಪನಿಯ ಒಂದು ಕಾಗದ ಬಂತು. ಕೆಲವು ಫೋನುಗಳು ಮಾಮೂಲಿ ಕರೆಗೆ ಚೆನ್ನಾಗಿದ್ದರೂ ಮೂರು ಸೊನ್ನೆಗೆ ಮಾತ್ರ ಹಳೆಯ ಸಿಗ್ನಲನ್ನೇ ಹುಡುಕುತ್ತವೆ, ಅಂಥವುಗಳಿಂದ ಆಂಬುಲೆನ್ಸಿಗೆ ಕರೆ ಹೋಗದಿರಬಹುದು, ನಿಮ್ಮ ಫೋನು ಹೇಗೆ ಅಂತ ತಿಳಿಯಲು ಈ ನಂಬರಿಗೆ ಒಂದು ಮೆಸೇಜ್ ಕಳಿಸಿ ಅಂತ ಬರೆದಿತ್ತು.

ಓದಿದ ಕೂಡಲೇ ಕಾಗದ ಹಿಡಿದುಕೊಂಡೇ ಡೆನ್ಜಿಲ್ ಮನೆಗೆ ಹೋದೆ. ಅವನು ಜೇನಿನ ಚೌಕಟ್ಟುಗಳಿಗೆ ತಂತಿ ಬಿಗಿಯುತ್ತಾ ಕೂತಿದ್ದ.

“ಈ ಫೋನ್ ಬದಲಾಯಿಸೋ. ನಾನೇ ಕೊಡಿಸ್ತೀನಿ.”

“ನೆವ್ ಏನಂತಾನೆ?”

“ನೆವ್ ಏನಾದ್ರೂ ಅನ್ಲಿ. ಕಾಗದದಲ್ಲಿ ಹಿಂಗೆ ಬರೆದಿದೆ.”

“ಕಾಗದದಲ್ಲಿ ಹೋದ ವರ್ಷ ನನಗೆ ಲಾಟರಿ ಹೊಡೆದಿದೆ ಅಂತಾನೂ ಬರೆದಿತ್ತು. ಗೊತ್ತಿಲ್ಲದ ನಂಬರಿಗೆಲ್ಲ ಮೆಸೇಜ್ ಕಳಿಸಬೇಡಿ ಅಂತ ಎರಡು ವರ್ಷದಿಂದ ರೇಡಿಯೋದಲ್ಲಿ ಬಾಯಿ ಬಡ್ಕೊಂಡಿದ್ದು ಯಾರೇ? ನೀವಿಬ್ರೇ ಅಲ್ವಾ?”

ಅದೂ ನಿಜವೇ. ಮಿಸೆಸ್ ಕಾರ್ಬೆಟ್ ತಂಗಿಯನ್ನು ಯಾರೋ ಮೆಸೇಜಿನಲ್ಲಿ ಮೋಸ ಮಾಡಿದ ಮೇಲೆ ಪ್ರತಿ ಶನಿವಾರ ಅದನ್ನು ಮಂತ್ರದ ಹಾಗೆ ಹೇಳಿಸುತ್ತಿದ್ದವಳು ನಾನೇ. ನಮ್ಮೂರಿನಲ್ಲಿ ಒಬ್ಬರೂ ಆ ನಂಬರಿಗೆ ಮೆಸೇಜ್ ಕಳಿಸಲಿಲ್ಲ. ನಾನು ಕೂಡ ಕಳಿಸಲಿಲ್ಲ.

ಆ ಶನಿವಾರ ನೆವ್‌ನನ್ನು ಕಾರ್ಯಕ್ರಮದ ನಡುವೆಯೇ ಕೇಳಿದೆ. ಗಾಜಿನ ಈಚೆಯಿಂದ ನನ್ನ ಮೈಕು ಹಾಕಿಕೊಂಡು, ಆ ಕಾಗದದ ವಿಷಯ ಏನು, ನಮ್ಮ ಇಟ್ಟಿಗೆಗೆ ಮೂರು ಸೊನ್ನೆ ಹೋಗುತ್ತಾ ಅಂದೆ.

“ಗ್ಲೆನ್, ಯೋಚನೆ ಮಾಡಿ ನೋಡು,” ಅಂದ, ಕುರ್ಚಿಗೆ ಒರಗಿ. “ನಿನ್ನ ಫೋನಿಂದ ನನಗೆ ರಿಂಗ್ ಆಗುತ್ತೆ, ಬೇಕರಿಗೆ ರಿಂಗ್ ಆಗುತ್ತೆ, ಲಂಡನ್ನಿಗೆ ರಿಂಗ್ ಆಗುತ್ತೆ. ಮೂರು ಸೊನ್ನೆಗೆ ಮಾತ್ರ ಆಗಲ್ಲ! ತಂತಿ ಕೆಲಸ ಮಾಡಿದ ಯಾರಾದ್ರೂ ಇದನ್ನ ನಂಬ್ತಾರಾ? ಹೊಸ ಫೋನ್ ಮಾರೋಕೆ ಹೆದರಿಸ್ತಾರೆ ಅಷ್ಟೇ. ಆರು ಬಿಯರ್. ಆರಲ್ಲ, ಆರು ಕುಡಿದು ಮೇಲೊಂದು ವಿಸ್ಕಿ.”

ನಾನು ನಕ್ಕೆ. ರೇಡಿಯೋದಲ್ಲಿ ಕೇಳಿಸುವ ಹಾಗೆ ನಕ್ಕೆ. ಆದರೂ ಒಳಗೆ ಏನೋ ಕೊರೆಯುತ್ತಲೇ ಇತ್ತು.

ಒತ್ತಿ ನೋಡಿದ್ದರೆ ತೀರುತ್ತಿತ್ತಲ್ಲ, ಅಂತ ಪರ್ತ್‌ನ ವಕೀಲರು ಆಮೇಲೆ ಕೇಳಿದರು. ಪಟ್ಟಣದವರಿಗೆ ಹೇಗೆ ಹೇಳುವುದು? ಸುಮ್ಮನೆ ಮೂರು ಸೊನ್ನೆ ಒತ್ತುವುದು ಕಾನೂನಿನ ಪ್ರಕಾರ ತಪ್ಪು, ಅದು ಹಾಗಿರಲಿ. ನಮ್ಮಲ್ಲಿ ಅದು ಮಾನದ ಪ್ರಶ್ನೆ. ಒತ್ತಿದರೆ ಓಡಿಬರುವವರು ಯಾರು? ಊಟದ ತಟ್ಟೆ ಬಿಟ್ಟು ಪಕ್ಕದ ಮನೆಯವನು, ಕಟಾವು ನಿಲ್ಲಿಸಿ ಎದುರುಮನೆಯವನು. ಕೈ ಮುರಿದರೂ ಒಂದು ಕೈಯಲ್ಲೇ ಕಾರು ಓಡಿಸಿಕೊಂಡು ಆಸ್ಪತ್ರೆಗೆ ಹೋಗಿ, “ಅವರಿಗ್ಯಾಕೆ ತೊಂದರೆ” ಅನ್ನುವ ಜನ ನಾವು. ಪರೀಕ್ಷೆಗೆ ಅಂತ ಒತ್ತುವುದಕ್ಕಿಂತ ಸಾಯುವುದು ವಾಸಿ ಅನ್ನುವವರು. ಸತ್ತೂ ಸತ್ತೆವು.

ಅದಕ್ಕೇ ನೆವ್ ತನ್ನದೇ ಪರೀಕ್ಷೆ ಮಾಡಿದ. ಸಿಗ್ನಲ್ ಮುಚ್ಚಿದ ಮೊದಲ ಶನಿವಾರ, “ಇಟ್ಟಿಗೆ ಇರೋರೆಲ್ಲ ಸ್ಟುಡಿಯೋಗೆ ಒಂದು ರಿಂಗ್ ಕೊಡಿ. ನಿಮ್ಮ ದನಿ ನನಗೆ ಕೇಳಿಸಿದ್ರೆ ನೀವು ಬದುಕಿದ್ದೀರಿ ಅಂತ ಲೆಕ್ಕ,” ಅಂದ. ಮೂರು ದೀಪಗಳೂ ಒಟ್ಟಿಗೆ ಮಿನುಗಿದವು. ಒಬ್ಬೊಬ್ಬರಾಗಿ ಬಂದರು. ಕೋಳಿ ಕೂಗಿಸಿದವನೊಬ್ಬ, ಹಾಡಿದವಳೊಬ್ಬಳು. ಹೆಸರು ಬರೆದುಕೊಂಡು ನಾನು ಸರಿ ಗುರುತು ಹಾಕುತ್ತಾ ಹೋದೆ. ಮೂವತ್ತಾರಕ್ಕೆ ಮೂವತ್ತಾರೂ ಪಾಸು. ಜಾತ್ರೆಯ ಗಲಾಟೆ, ಅಷ್ಟು ನಗು ಆ ಕೋಣೆಯಲ್ಲಿ ಹಿಂದೆ ಇರಲಿಲ್ಲ.

ಡೆನ್ಜಿಲ್ ಕಾಡಿನಿಂದಲೇ ಮಾಡಿದ. “ನೆವ್, ಕೇಳಿಸ್ತಿದೆಯಾ? ನಮ್ಮಕ್ಕಂಗೂ ಸ್ವಲ್ಪ ಕೇಳಿಸು. ಒಂದು ತಿಂಗಳಿಂದ ನನ್ನ ತಲೆ ತಿಂದಿದ್ದಾಳೆ.”

“ಕೇಳಿಸ್ತಾ ಗ್ಲೆನ್?” ಅಂದ ನೆವ್.

“ಕೇಳಿಸ್ತು,” ಅಂದೆ. ಸಿಟ್ಟು ಬಂತು. ಇಡೀ ಊರಿನ ಮುಂದೆ ತಮ್ಮ ನನ್ನನ್ನು ಹೆದರುಪುಕ್ಕಲಿ ಮಾಡಿದ್ದ. ಆ ಸಿಟ್ಟಿನಲ್ಲಿ ಕಾಗದವನ್ನು ಮಡಿಸಿ ಕಸದ ಬುಟ್ಟಿಗೆ ಹಾಕಿದೆ. ನನ್ನ ಹೆದರಿಕೆಯೇ ಸರಿಯಾಗಿತ್ತು, ಅದನ್ನು ನಾನೇ ಬಿಸಾಕಿದೆ. ಅದರ ಮೇಲೆ ಮೂರು ವಾರ ಡೆನ್ಜಿಲ್ ಶನಿವಾರ ತಪ್ಪದೆ ಸ್ಟುಡಿಯೋಗೆ ಫೋನ್ ಮಾಡಿ, “ಇನ್ನೂ ಬದುಕಿದೀನಿ ಅಂತ ನಮ್ಮಕ್ಕಂಗೆ ಹೇಳಪ್ಪಾ,” ಅಂತ ಕಿಚಾಯಿಸಿದ. ಊರಿಗೆ ಅದೂ ಒಂದು ತಮಾಷೆ ಆಯಿತು.

ನಾಲ್ಕನೆಯ ಶನಿವಾರ ಕಟಾವು ಜೋರಾಗಿತ್ತು. ಗಾಳಿಯಲ್ಲಿ ಹೊಟ್ಟಿನ ಧೂಳು, ಬೆಳಿಗ್ಗೆಯೇ ಸೆಕೆ. ನೆವ್ ಆ ದಿನ ಮೂರು ಮಡಿಕೆ ಮಡಚುವ ಫೋನಿನ ಬಗ್ಗೆ ಶುರುಮಾಡಿದ್ದ. ಕಾರ್ಖಾನೆಯ ಒಬ್ಬ ಕೆಲಸಗಾರ ತೆಗೆದ ಮಸುಕು ಚಿತ್ರ ಎಲ್ಲ ಕಡೆ ಓಡಾಡುತ್ತಿತ್ತು. ಅದು ನಿಜವೋ ಸುಳ್ಳೋ, ಮಡಿಕೆಯಲ್ಲಿ ಧೂಳು ಸೇರಿದರೆ ಏನು ಗತಿ, ಗೋಧಿ ಸೀಮೆಯಲ್ಲಿ ಅದು ಎಷ್ಟು ದಿನ ಬಾಳುತ್ತದೆ, ಹೀಗೆ ಮಾತು ಏರಿತ್ತು. ಅವನು ಅಷ್ಟು ಚೆನ್ನಾಗಿ ಮಾತಾಡಿದ್ದು ನಾನು ಕೇಳಿಯೇ ಇರಲಿಲ್ಲ.

ಹತ್ತು ಇಪ್ಪತ್ತಾರಕ್ಕೆ ಎರಡನೆಯ ದೀಪ ಮಿನುಗಿತು. ನಂಬರು ನೋಡಿದೆ. ಡೆನ್ಜಿಲ್. ಬಂದನಪ್ಪಾ ಕಿಚಾಯಿಸೋಕೆ, ಅಂದುಕೊಂಡೆ. ಎತ್ತಿದೆ.

“ಗ್ಲೆನ್—” ಅಂದ.

“ಕಾಯೋ,” ಅಂದು ಗುಂಡಿ ಒತ್ತಿದೆ.

ಅಷ್ಟೇ. ಅವನ ಪಾಡಿಗೆ ಅವನು ಕಾಯಲಿ, ಸ್ವಲ್ಪ ಬುದ್ಧಿ ಬರಲಿ ಅಂತ ನನ್ನ ಮನಸ್ಸಿನಲ್ಲಿ ಇತ್ತು. ಒಂದನೆಯ ಲೈನಿನಲ್ಲಿದ್ದ ಮಿಸೆಸ್ ಕಾರ್ಬೆಟ್‌ರನ್ನು ಮೊದಲು ಬಿಟ್ಟೆ. ಆಮೇಲೆ ಮೂರನೆಯ ಲೈನಿನವರನ್ನು. ಎರಡನೆಯ ದೀಪ ಒಂದೇ ಸಮನೆ ಉರಿಯುತ್ತಿತ್ತು. ಡೆನ್ಜಿಲ್ ಇಷ್ಟು ಹೊತ್ತು ಸುಮ್ಮನೆ ಕಾಯುವ ಜಾತಿಯಲ್ಲ, ಎರಡು ನಿಮಿಷಕ್ಕೆ ಇಟ್ಟುಬಿಡುವವನು. ಅದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಒಂಬತ್ತು ನಿಮಿಷ ಆದ ಮೇಲೆ ಅವನನ್ನು ದಾಟಿಸಿದೆ.

“ಡೆನ್ಜಿಲ್! ಏನಪ್ಪಾ ಜೇನುಗಾರ, ಮಡಚೋ ಫೋನ್ ಬೇಕಾ?” ಅಂದ ನೆವ್.

ಏನೂ ಕೇಳಿಸಲಿಲ್ಲ. ಕಾಡಿನ ಗಾಳಿ, ಹತ್ತಿರದಲ್ಲೆಲ್ಲೋ ಜೇನುಗಳ ಸದ್ದು.

“ಬಾಯಿಗೆ ಜೇನು ಮೆತ್ಕೊಂಡಿದೆಯೇನಯ್ಯಾ? ಗ್ಲೆನ್, ನಿನ್ನ ತಮ್ಮಂಗೆ ಕೊನೆಗೂ ಮಾತು ನಿಂತಿದೆ, ಪವಾಡ ಕಣಮ್ಮಾ ಇದು!”

ಊರು ನಕ್ಕಿತು. ನಾನು ಲೈನು ಕತ್ತರಿಸಿ, ಹವಾಮಾನ ವರದಿ ಹಾಕಿದೆ.

ಮಧ್ಯಾಹ್ನ ಒಂದಕ್ಕೆ ಅವನು ನಮ್ಮ ಮನೆಗೆ ಊಟಕ್ಕೆ ಬರಬೇಕಿತ್ತು. ಕುರಿಮಾಂಸ ಒಲೆಯಲ್ಲಿ ಒಣಗಿತು. ಫೋನ್ ಮಾಡಿದೆ, ರಿಂಗ್ ಆಯಿತು, ಎತ್ತಲಿಲ್ಲ. ಎರಡು ಗಂಟೆಯ ಹೊತ್ತಿಗೆ ಮನೆಯ ಫೋನಿನಿಂದ ನಾನೇ ಮೂರು ಸೊನ್ನೆ ಒತ್ತಿದೆ, ಜೀವಮಾನದಲ್ಲಿ ಮೊದಲ ಸಲ. ಆಗಲೂ “ಕ್ಷಮಿಸಿ, ಏನೂ ಆಗಿರಲಿಕ್ಕಿಲ್ಲ” ಅಂತಲೇ ಶುರುಮಾಡಿದೆ. ಹತ್ತು ನಿಮಿಷದಲ್ಲಿ ಆಂಬುಲೆನ್ಸ್ ಬಾಗಿಲಿಗೆ ಬಂತು. ಓಡಿಸುತ್ತಿದ್ದವನು ನೆವ್. ನಾನೂ ಹತ್ತಿ ಕೂತೆ. ದಾರಿಯುದ್ದಕ್ಕೂ ಅವನು ಒಂದು ಮಾತೂ ಆಡಲಿಲ್ಲ. ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡ ನೆವ್‌ನನ್ನು ನಾನು ನೋಡಿದ್ದು ಅದೇ ಮೊದಲು.

ಡೆನ್ಜಿಲ್ ಟ್ರಕ್ಕಿನ ಚಕ್ರಕ್ಕೆ ಒರಗಿ ಕೂತಿದ್ದ. ಮುಖದ ಬಲೆಯನ್ನು ಮೇಲಕ್ಕೆ ಸರಿಸಿಕೊಂಡಿದ್ದ. ಒಂದು ಪೆಟ್ಟಿಗೆಯ ಮುಚ್ಚಳ ತೆರೆದೇ ಇತ್ತು. ನೆವ್ ಕುತ್ತಿಗೆ ಮುಟ್ಟಿ ನೋಡಿ, ಮಂಡಿಯೂರಿದಲ್ಲೇ ಇದ್ದುಬಿಟ್ಟ. ಮೈ ತಣ್ಣಗಾಗಿ ಎಷ್ಟೋ ಹೊತ್ತಾಗಿತ್ತು. ನಾನು ಕಿರುಚಿದೆನೋ ಇಲ್ಲವೋ ನೆನಪಿಲ್ಲ. ಅವನ ತಲೆ ನನ್ನ ಮಡಿಲಿಗೆ ಹಾಕಿಕೊಂಡು ಕೂತದ್ದು ನೆನಪಿದೆ.

ಕೈಯಲ್ಲಿದ್ದ ಇಟ್ಟಿಗೆಯನ್ನು ನೆವ್ ಬಿಡಿಸಿಕೊಂಡ. ಅಂಗಿಗೆ ಒರೆಸಿದ. ಹಿಂದೆ ಮಾಡಿದ ಕರೆಗಳ ಪಟ್ಟಿ ತೆರೆದ.

“ಏಳು ಸಲ,” ಅಂದ. “ಗ್ಲೆನ್, ಏಳು ಸಲ ಒತ್ತಿದಾನೆ.”

“ಏನನ್ನ?”

ನೆವ್ ಅಲ್ಲೇ, ನನ್ನ ಕಣ್ಣೆದುರೇ, ಡೆನ್ಜಿಲ್ ಫೋನಿನಲ್ಲಿ ಮೂರು ಸೊನ್ನೆ ಒತ್ತಿದ. ಸ್ಪೀಕರಿನಲ್ಲಿ ಹಾಕಿ ಹಿಡಿದ. ಏನೂ ಇಲ್ಲ. ಒಂದು ನಿಮಿಷ ಪರದೆಯ ಮೇಲೆ ಚಕ್ರ ಸುಮ್ಮನೆ ತಿರುಗಿ, ಆಮೇಲೆ ಕರೆ ವಿಫಲ ಅಂತ ತೋರಿಸಿತು. ಇನ್ನೊಂದು ಸಲ ಒತ್ತಿದ. ಅದೇ. ಆಮೇಲೆ ನನ್ನ ನಂಬರು ಒತ್ತಿದ. ಒಂದು ಕ್ಷಣವೂ ತಡವಿಲ್ಲದೆ ನನ್ನ ಜೇಬಿನಲ್ಲಿ ರಿಂಗ್ ಆಯಿತು. ತೆಗೆದು ನೋಡಿದೆ. ಡೆನ್ಜಿಲ್ ಕರೆಯುತ್ತಿದ್ದಾನೆ ಅಂತ ಬರೆದಿತ್ತು.

ನೆವ್ ಬಾಯಿಂದ ಬಂದ ಸದ್ದು ಮನುಷ್ಯನದಲ್ಲ. ನಾನು ಅವನಿಗೆ ಹೊಡೆದೆ. ಕೈಗೆ ಸಿಕ್ಕಲ್ಲೆಲ್ಲ ಹೊಡೆದೆ. “ನಿನ್ನ ಬಾಯಿಗೆ ಮಣ್ಣು ಹಾಕ! ಕಾಗದದಲ್ಲಿ ಬರೆದಿತ್ತಲ್ಲೋ! ಬರೆದಿತ್ತಲ್ಲೋ!” ಅಂದೆ. ಅವನು ತಡೆಯಲೂ ಇಲ್ಲ, ಹಿಂದೆ ಸರಿಯಲೂ ಇಲ್ಲ.

ಹತ್ತು ಹದಿನಾಲ್ಕರಿಂದ ಹತ್ತು ಇಪ್ಪತ್ನಾಲ್ಕರೊಳಗೆ ಏಳು ಸಲ ಮೂರು ಸೊನ್ನೆ. ಕೊನೆಯದು ಹತ್ತು ಇಪ್ಪತ್ತಾರಕ್ಕೆ, ಸ್ಟುಡಿಯೋಗೆ. ಖಂಡಿತ ಹೋಗುತ್ತದೆ ಅಂತ ಅವನು ಪರೀಕ್ಷೆ ಮಾಡಿ ತಿಳಿದಿದ್ದ ನಂಬರು ಅದೊಂದೇ. ಶನಿವಾರ ಆ ಹೊತ್ತಿಗೆ ನನ್ನ ಫೋನು ಆರಿರುತ್ತದೆ, ನಾನು ಆ ದೀಪಗಳ ಮುಂದೆ ಕೂತಿರುತ್ತೇನೆ ಅನ್ನುವುದೂ ಅವನಿಗೆ ಗೊತ್ತಿತ್ತು. ಅಕ್ಕನನ್ನೇ ಕರೆದಿದ್ದ.

ಮುಂದಿನ ಶನಿವಾರ ನೆವ್ ಒಬ್ಬನೇ ಸ್ಟುಡಿಯೋಗೆ ಹೋಗಿ ಮೂವತ್ತೈದು ಹೆಸರು ಓದಿದನಂತೆ. ನಾನು ಕೇಳಲಿಲ್ಲ, ಮಿಸೆಸ್ ಕಾರ್ಬೆಟ್ ಹೇಳಿದ್ದು. “ನಾನು ಹೇಳಿದ್ದು ಸುಳ್ಳು. ಆ ಫೋನು ತಂದು ವಾಪಸ್ ಕೊಡಿ. ಇವತ್ತೇ ಕೊಡಿ,” ಅಂದನಂತೆ. ಬರದವರ ಮನೆಗಳಿಗೆ ತಾನೇ ಹೋದ. ಹೊಲಗಳಿಗೆ ಹೋದ. ಕೆಲವರು ಮುಖದ ಮೇಲೆ ಬಾಗಿಲು ಹಾಕಿದರು. ಇಬ್ಬರು, ಹೆಸರು ಬೇಡ, “ನನ್ನದು ಚೆನ್ನಾಗಿಯೇ ರಿಂಗ್ ಆಗುತ್ತೆ ಬಿಡು” ಅಂತ ಕೊಡಲೇ ಇಲ್ಲ. ಅವರು ಈಗಲೂ ಅದನ್ನೇ ಇಟ್ಟುಕೊಂಡಿದ್ದಾರೆ.

ಊರು ಅವನನ್ನು ಬಿಟ್ಟಿತು. ಯಾರೂ ಕಲ್ಲು ಹೊಡೆಯಲಿಲ್ಲ, ಅಂಗಡಿಗೆ ಹೋಗುವುದನ್ನು ಬಿಟ್ಟರು ಅಷ್ಟೇ. ಬೀದಿಯಲ್ಲಿ ಅವನು ಈ ಬದಿಗಿದ್ದರೆ ಅವರು ಆ ಬದಿಗೆ. ಆಂಬುಲೆನ್ಸಿನ ಕೀಲಿ ತಾನಾಗಿಯೇ ತಂದುಕೊಟ್ಟ. ನನಗೆ ಮಾತ್ರ ಮನೆಗೆ ಊಟ ಬರುತ್ತಿತ್ತು. ಗಾಜಿನ ಪಾತ್ರೆಯಲ್ಲಿ ಮುಚ್ಚಿ, ಮೇಲೆ ಹೆಸರು ಬರೆದ ಚೀಟಿ ಅಂಟಿಸಿ, ಎರಡು ತಿಂಗಳು ತಂದುಕೊಟ್ಟರು. “ಪಾಪ ಗ್ಲೆನಿಸ್, ಅವಳು ಮೊದಲೇ ಹೇಳಿದ್ಲು,” ಅನ್ನುತ್ತಿದ್ದರು. ಒಂಬತ್ತು ನಿಮಿಷದ ಲೆಕ್ಕ ಇನ್ನೂ ಯಾರಿಗೂ ಗೊತ್ತಿರಲಿಲ್ಲ. ಆ ಪಾತ್ರೆಗಳನ್ನು ತೊಳೆದು ವಾಪಸ್ ಕೊಡುವಾಗ ನನಗೆ ಅವರ ಮುಖ ನೋಡಲು ಆಗುತ್ತಿರಲಿಲ್ಲ.

ಸಾವಿನ ವಿಚಾರಣೆ ಮರುವರ್ಷ ಪರ್ತ್‌ನಲ್ಲಿ ನಡೆಯಿತು. ಫೋನಿನ ಲೆಕ್ಕವೆಲ್ಲ ಕಾಗದದ ಮೇಲೆ ಬಂದಿತ್ತು. ಸ್ಟುಡಿಯೋ ಕರೆ, ಒಂಬತ್ತು ನಿಮಿಷ ಕಾಯಿಸಿದ್ದು. ಊರಿನಿಂದ ಇಪ್ಪತ್ತು ಜನ ಬಂದು ಹಿಂದೆ ಕೂತಿದ್ದರು. ಈಗ ಕೇಳುತ್ತಾರೆ, ಈಗ ತಿಳಿಯುತ್ತದೆ ಅಂತ ಕಾದು ಕೂತಿದ್ದೆ. ಮೊದಲು ನೆವ್‌ನನ್ನು ಕರೆದರು. ಪ್ಯಾಂಟ್ ಹಾಕಿದ್ದ. ಒಂದೇ ವರ್ಷದಲ್ಲಿ ಮುದುಕನಾಗಿಬಿಟ್ಟಿದ್ದ.

“ಒಂಬತ್ತು ನಿಮಿಷ ಯಾಕೆ ಕಾಯಿಸಿದಿರಿ?” ಅಂತ ವಿಚಾರಣೆಯ ಅಧಿಕಾರಿಣಿ ಕೇಳಿದರು.

“ನಾನೇ ಕಾಯಿಸಿದ್ದು, ಮೇಡಂ,” ಅಂದ. “ಡೆನ್ಜಿಲ್ ಲೈನಲ್ಲಿದಾನೆ ಅಂತ ಗ್ಲೆನಿಸ್ ಗಾಜಿನ ಆಚೆಯಿಂದ ಎರಡು ಸಲ ಸನ್ನೆ ಮಾಡಿದಳು. ಇರಲಿ ಬಿಡು ಅಂತ ನಾನು ಕೈ ತೋರಿಸಿದೆ. ನನಗೆ ಆ ಮಡಚೋ ಫೋನಿನ ಮಾತು ಮುಗಿಸಬೇಕಿತ್ತು.”

ಹಿಂದಿನ ಸಾಲಿನಲ್ಲಿ ಯಾರೋ ಅವನನ್ನು ಬೈದರು. ರೇಡಿಯೋದಲ್ಲಿ ಸನ್ನೆ ಕೇಳಿಸುವುದಿಲ್ಲ. ಆ ಕೋಣೆಯಲ್ಲಿ ಇದ್ದವರು ಇಬ್ಬರೇ. ಆಮೇಲೆ ನನ್ನನ್ನು ಕರೆದು, ಸತ್ಯವನ್ನೇ ಹೇಳುತ್ತೇನೆ ಅಂತ ಪ್ರಮಾಣ ಮಾಡಿಸಿದರು.

“ಟ್ರಸ್ಕಾಟ್ ಹೇಳಿದ್ದು ಸರಿಯಾ?”

ನೆವ್ ನನ್ನ ಕಡೆ ನೋಡಲಿಲ್ಲ. ನೆಲ ನೋಡುತ್ತಿದ್ದ.

“ಹೌದು,” ಅಂದೆ.

“ನೀವು ಎತ್ತಿದಾಗ ನಿಮ್ಮ ತಮ್ಮ ಏನಾದರೂ ಹೇಳಿದರಾ?”

“ಇಲ್ಲ.”

ಅವರು ಬರೆದುಕೊಂಡರು. ನಿಮಗಾದ ನಷ್ಟಕ್ಕೆ ವಿಷಾದವಿದೆ ಅಂದರು. ನಾನು ಇಳಿದು ಬಂದೆ.

ಹೊರಗೆ ನೀರಿನ ಯಂತ್ರದ ಹತ್ತಿರ ಅವನು ಒಬ್ಬನೇ ನಿಂತಿದ್ದ. ಊರವರೆಲ್ಲ ಲಿಫ್ಟಿನ ಕಡೆ ಹೋಗಿದ್ದರು. ಅವನ ಕಾಲು ಹಿಡಿಯಬೇಕು ಅನ್ನಿಸಿತು, ಯಾಕೋ ಹಾಗೆ ಮಾಡಿದೆ ಅಂತ ಬೈಯಬೇಕು ಅಂತಲೂ ಅನ್ನಿಸಿತು.

“ಯಾಕೋ ಹಂಗಂದೆ? ನೀನು ಒಳ್ಳೆಯವನಾಗೋಕಾ?” ಅಂದೆ.

“ಒಳ್ಳೆಯವನಲ್ಲ ಗ್ಲೆನ್,” ಅಂದ. “ಸ್ಟುಡಿಯೋದ ಆ ಹಳೆ ಡಬ್ಬದಲ್ಲಿ ನೀನು ಎತ್ತಿದ ಫೋನೆಲ್ಲ ನನ್ನ ಹೆಡ್‌ಫೋನಿಗೂ ಬೀಳುತ್ತೆ. ಎಂಟು ವರ್ಷದಿಂದ ಬೀಳ್ತಿತ್ತು, ನಿನಗೆ ಹೇಳಿರಲಿಲ್ಲ. ಅವನು ನಿನ್ನ ಹೆಸರು ಹೇಳಿದ್ದು ನನಗೂ ಕೇಳಿಸ್ತು. ಆಂಬುಲೆನ್ಸಿನಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದವನು ನಾನು. ಆ ದನಿ ಎಂಥದ್ದು ಅಂತ ನಿನಗೆ ಗೊತ್ತಾಗದೆ ಇರಬಹುದು. ನನಗೆ ಗೊತ್ತಾಯ್ತು.”

“ಗೊತ್ತಾಗಿ?”

“ಗೊತ್ತಾಗಿ, ಈ ಮಾತೊಂದು ಮುಗಿಸಿಬಿಡೋಣ ಅಂದ್ಕೊಂಡೆ.”